ಅಗಲ ಟೈರ್ ಬೇಡ, ಒಳ್ಳೆ ರಬ್ಬರ್ ಹಾಕಿಸಿ

ವರ್ಟಸ್ ಜಿಟಿ, ಸ್ಲಾವಿಯಾ, ಐ20 ಎನ್ ಲೈನ್, ಹಳೆಯ ಪೋಲೊ ಜಿಟಿ. ಟೈರ್ ಬದಲಿಸೋಕೆ ನಮ್ಮ ವರ್ಕ್‌ಶಾಪಿಗೆ ಬರುವ ಚುರುಕು ಕಾರುಗಳಲ್ಲಿ ಇವೇ ಜಾಸ್ತಿ. ಬಂದವರ ಮೊದಲ ಪ್ರಶ್ನೆಯೂ ಹೆಚ್ಚುಕಮ್ಮಿ ಒಂದೇ. "ಸರ್, ಒಂದು ಸೈಜ್ ಅಗಲ ಹಾಕಿಸಿದ್ರೆ ಗ್ರಿಪ್ ಜಾಸ್ತಿ ಆಗತ್ತೆ ಅಲ್ವಾ?"

ಆಗಬಹುದು, ಒಣ ರಸ್ತೆಯಲ್ಲಿ, ಸ್ವಲ್ಪ. ಆದರೆ ಅದೇ ದುಡ್ಡನ್ನು ಕಂಪನಿ ಕೊಟ್ಟ ಸೈಜಿನಲ್ಲೇ ಒಳ್ಳೆ ಕಾಂಪೌಂಡ್ (ರಬ್ಬರ್ ಮಿಶ್ರಣ) ಇರುವ ಟೈರಿಗೆ ಹಾಕಿದರೆ ಇದಕ್ಕಿಂತ ಎಷ್ಟೋ ಜಾಸ್ತಿ ಸಿಗುತ್ತದೆ ಅಂತ ನಾನು ಹೇಳುತ್ತೇನೆ. ಅರ್ಧ ಜನ ಒಪ್ಪುತ್ತಾರೆ, ಉಳಿದವರು ಪಕ್ಕದ ಅಂಗಡಿಗೆ ಹೋಗುತ್ತಾರೆ.

ಅಗಲದ ಲೆಕ್ಕ ನೋಡಿ. ಮುಂದಿನ ಒಂದು ಚಕ್ರದ ಮೇಲೆ ಸುಮಾರು 350 ಕೆಜಿ ಭಾರ ಇದೆ, ಗಾಳಿ 33 ಪಿಎಸ್‌ಐ ಇದೆ ಅಂದುಕೊಳ್ಳಿ. ರಸ್ತೆಗೆ ಅಂಟಿಕೊಂಡಿರುವ ರಬ್ಬರ್ ಸುಮಾರು 150 ಚದರ ಸೆಂಟಿಮೀಟರ್, ಅಂದರೆ ನಿಮ್ಮ ಒಂದು ಅಂಗೈಯಷ್ಟು. ಟೈರ್ ಅಗಲ ಮಾಡಿದರೂ ಭಾರ ಅದೇ, ಗಾಳಿ ಅದೇ, ಹಾಗಾಗಿ ಈ ಜಾಗದ ಅಳತೆ ಹೆಚ್ಚೇನೂ ಬದಲಾಗುವುದಿಲ್ಲ. ಬದಲಾಗುವುದು ಆಕಾರ. ಉದ್ದ ಕಮ್ಮಿಯಾಗಿ ಅಡ್ಡಕ್ಕೆ ಹರಡಿಕೊಳ್ಳುತ್ತದೆ. ತಿರುವಿನಲ್ಲಿ ಅಡ್ಡ ಆಕಾರ ಒಳ್ಳೆಯದೇ, ಸ್ಟೀರಿಂಗ್ ತಿರುಗಿಸಿದ ಕೂಡಲೇ ಕಾರಿನ ಮೂಗು ಆ ಕಡೆ ತಿರುಗುತ್ತದೆ. ಆದರೆ ನಿಂತ ನೀರಿನ ಮೇಲೆ ಅಗಲ ಟೈರ್ ಜಾಸ್ತಿ ನೀರನ್ನು ತಳ್ಳಬೇಕು, ತಳ್ಳೋಕೆ ಸಿಗುವ ಸಮಯ ಕಮ್ಮಿ. ಕಾರು ನೀರಿನ ಮೇಲೆ ತೇಲುವುದು ಬೇಗ ಶುರುವಾಗುತ್ತದೆ.

ರಿಮ್ಮಿನ ವಿಷಯವೂ ಇದೆ. ಆರಿಂಚು ಅಗಲದ ರಿಮ್ಮಿಗೆ 225 ಮಿಮೀ ಅಗಲದ ಟೈರ್ ಹಾಕಿಸಿದರೆ ಸೈಡ್‌ವಾಲ್ (ಟೈರಿನ ಪಕ್ಕದ ಗೋಡೆ) ಹೊರಗೆ ಉಬ್ಬಿ ಕೂರುತ್ತದೆ. ನೋಡೋಕೆ ದಪ್ಪ, ಓಡಿಸೋಕೆ ಮೆತ್ತಗೆ. ಸ್ಟೀರಿಂಗ್ ತಿರುಗಿಸಿದಾಗ ಮೊದಲು ಸೈಡ್‌ವಾಲ್ ವಾಲಬೇಕು, ಆಮೇಲೆ ಕಾರು ತಿರುಗಬೇಕು. ಚುರುಕುತನಕ್ಕೆ ಅಂತ ಖರ್ಚು ಮಾಡಿ ಇದ್ದ ಚುರುಕುತನವನ್ನೇ ಕಳೆದುಕೊಂಡ ಹಾಗೆ.

ಐ20 ಎನ್ ಲೈನ್‌ನವರು 195/55 ಆರ್16 ತೆಗೆದು 205/55 ಆರ್16 ಹಾಕಿಸುವುದು ತುಂಬಾ ಸಾಮಾನ್ಯ. ಎರಡರಲ್ಲೂ 55 ಅಂತಲೇ ಇದೆ, ಹಾಗಾಗಿ ಎತ್ತರ ಒಂದೇ ಅಂತ ಅಂದುಕೊಳ್ಳುತ್ತಾರೆ. ಮೊದಲ ಅಂಕೆ ಮಿಮೀ ಲೆಕ್ಕದ ಅಗಲ, ಆರ್16 ಅಂದರೆ 16 ಇಂಚಿನ ರಿಮ್. ಆ 55 ಅಂದರೆ ಸೈಡ್‌ವಾಲ್ ಎತ್ತರ ಅಗಲದ ಶೇಕಡಾ 55. ಅಗಲ ಏರಿದರೆ ಎತ್ತರವೂ ಏರುತ್ತದೆ. ಮೊದಲನೆಯದರ ವ್ಯಾಸ ಸುಮಾರು 621 ಮಿಮೀ, ಎರಡನೆಯದು 632. ಸ್ಪೀಡೋಮೀಟರ್ ಈಗ ಮೊದಲಿಗಿಂತ ಶೇಕಡಾ 1.8ರಷ್ಟು ಕಮ್ಮಿ ತೋರಿಸುತ್ತದೆ, ಗೇರಿಂಗ್ ಅಷ್ಟೇ ಪ್ರಮಾಣದಲ್ಲಿ ಉದ್ದವಾಗುತ್ತದೆ, ಪಿಕಪ್ ಒಂದು ಚೂರು ಮಂದ. ದೊಡ್ಡ ಅಪಾಯವೇನಲ್ಲ, ಗುಂಡಿ ರಸ್ತೆಯಲ್ಲಿ ಸ್ವಲ್ಪ ಅನುಕೂಲವೂ ಹೌದು. ಆದರೆ ಸ್ಪೋರ್ಟಿ ಆಗಲಿ ಅಂತ ಹಾಕಿಸಿದ್ದಾದರೆ ಕೆಲಸ ಉಲ್ಟಾ ಆಯಿತು.

ಸರಿ, ಹಾಗಾದರೆ ಒಳ್ಳೆ ರಬ್ಬರ್ ಅಂದರೆ ಏನು?

ಕಾರಿನ ಜೊತೆ ಬರುವ ಟೈರನ್ನು ಕಾರು ಕಂಪನಿ ಆರಿಸಿರುತ್ತದೆ. ಮೈಲೇಜ್ ಬರಬೇಕು, ಶಬ್ದ ಕಮ್ಮಿ ಇರಬೇಕು, ಬಾಳಿಕೆ ಬೇಕು, ಬೆಲೆ ಹಿಡಿತದಲ್ಲಿರಬೇಕು. ಸರಾಗವಾಗಿ ಉರುಳಬೇಕು ಅಂತ ಮಾಡಿದ ಟೈರಿನಲ್ಲಿ ಒದ್ದೆ ರಸ್ತೆಯ ಹಿಡಿತಕ್ಕೆ ಮೊದಲ ಜಾಗ ಸಿಗುವುದು ಅಪರೂಪ. ಹಾಗಾಗಿ ಮೊದಲ ಸೆಟ್ ಸವೆದಾಗಲೇ ನಿಮಗೆ ಬೇಕಾದ ಕಾರನ್ನು ಮಾಡಿಕೊಳ್ಳುವ ಅವಕಾಶ ಸಿಗುವುದು.

ನಾನು ಕೇಳುವುದು ಒಂದೇ. ನಿಮ್ಮ ಕಾರು ಯಾವಾಗ ಜಾರುತ್ತದೆ? ಮೈಸೂರು ಹೆದ್ದಾರಿಯಲ್ಲಿ ನೇರ ಹೋಗುವಾಗ ಯಾರಿಗೂ ಟೈರಿನ ಮಿತಿ ಗೊತ್ತಾಗುವುದಿಲ್ಲ. ಅದು ಗೊತ್ತಾಗುವುದು ಬೇಸಿಗೆ ಮುಗಿದು ಮೊದಲ ಮಳೆ ಬಿದ್ದ ಸಂಜೆ, ರಸ್ತೆಯ ಎಣ್ಣೆ, ಧೂಳು ಎಲ್ಲ ನೀರಿಗೆ ಕಲಸಿಕೊಂಡಾಗ. ಇಲ್ಲವೇ ಜುಲೈನಲ್ಲಿ ಆಗುಂಬೆಯ 14 ಹೇರ್‌ಪಿನ್ ತಿರುವುಗಳಲ್ಲಿ. ಅಲ್ಲಿ ನಿಮ್ಮನ್ನು ಹಿಡಿದಿಡುವುದು ಟ್ರೆಡ್‌ನ (ರಸ್ತೆಗೆ ತಾಗುವ ಹೊರಪದರದ) ರಬ್ಬರಿನಲ್ಲಿ ಒದ್ದೆ ಹಿಡಿತಕ್ಕೆ ಬೆರೆಸಿದ ಸಿಲಿಕಾ ಪುಡಿ, ನೀರು ಹೊರ ಹಾಕುವ ಕಾಲುವೆಗಳ ಆಳ, ಮತ್ತೆ ನಿಮ್ಮ ಬಲಗಾಲು.

ಸೈಡ್‌ವಾಲ್ ಮೇಲೆ ಟ್ರೆಡ್‌ವೇರ್ ಅಂತ ಒಂದು ಅಂಕೆ ಇದ್ದರೆ ನೋಡಿ. ಎಲ್ಲ ಟೈರಿನಲ್ಲೂ ಇರುವುದಿಲ್ಲ. ಮಿಶೆಲಿನ್ ಪೈಲಟ್ ಸ್ಪೋರ್ಟ್ 4ರ ಮೇಲೆ 320 ಅಂತ ಇರುತ್ತದೆ. ಈ ಅಂಕೆ ಏರಿದಷ್ಟೂ ಬಾಳಿಕೆ ಜಾಸ್ತಿ, ಸಾಮಾನ್ಯವಾಗಿ ರಬ್ಬರ್ ಗಟ್ಟಿ. ಆದರೆ ಈ ಅಂಕೆಯನ್ನು ಟೈರ್ ಕಂಪನಿಯೇ ಪರೀಕ್ಷೆ ಮಾಡಿ ಹಾಕಿಕೊಳ್ಳುವುದು. ಒಂದೇ ಕಂಪನಿಯ ಎರಡು ಟೈರ್ ಹೋಲಿಸೋಕೆ ಓಕೆ, ಬೇರೆ ಬೇರೆ ಕಂಪನಿಗಳನ್ನು ಇದರಿಂದ ತೂಗಬೇಡಿ. ಪಕ್ಕದಲ್ಲೇ ಟ್ರಾಕ್ಷನ್ ಎಎ, ಎ, ಬಿ ಅಂತ ಇರುತ್ತದೆ. ಅದು ಒದ್ದೆ ರಸ್ತೆಯಲ್ಲಿ ನೇರ ಬ್ರೇಕ್ ಹಾಕಿದಾಗಿನ ಹಿಡಿತ ಮಾತ್ರ. ತಿರುವಿನ ಬಗ್ಗೆ ಅದು ಏನೂ ಹೇಳುವುದಿಲ್ಲ. ಅಂಗಡಿಯವರು ಅದನ್ನೇ ತೋರಿಸಿ "ಕಾರ್ನರಿಂಗ್ ಸೂಪರ್ ಸರ್" ಅಂದರೆ ಸುಮ್ನೆ ನಕ್ಕು ಮುಂದೆ ಹೋಗಿ.

ಮೆತ್ತನೆ ರಬ್ಬರಿಗೆ ಬೆಲೆ ಇದೆ. ಆರಾಮದ ಟೈರ್ 50 ಸಾವಿರ ಕಿಮೀ ಹೋಗುವ ಜಾಗದಲ್ಲಿ ಸ್ಪೋರ್ಟ್ಸ್ ಟೈರ್ 30 ಸಾವಿರಕ್ಕೇ ಕೈ ಎತ್ತಬಹುದು, ನೀವು ಓಡಿಸುವ ರೀತಿಯ ಮೇಲೆ ಇನ್ನೂ ಬೇಗ. ಮೈಲೇಜ್ ಕೂಡ ಸ್ವಲ್ಪ ಇಳಿಯುತ್ತದೆ. ವಾರವೆಲ್ಲ ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ನಿಂತು ವರ್ಷಕ್ಕೊಮ್ಮೆ ಚಿಕ್ಕಮಗಳೂರಿಗೆ ಹೋಗುವವರಿಗೆ ನಾನು ಸ್ಪೋರ್ಟ್ಸ್ ಟೈರ್ ಕೊಡುವುದಿಲ್ಲ. ಒದ್ದೆಯಲ್ಲಿ ಒಳ್ಳೆ ಹೆಸರಿರುವ ಟೂರಿಂಗ್ ಟೈರ್, ಅಂದರೆ ಆರಾಮದ ಟೈರ್, ಸಾಕು.

ಯೂಟ್ಯೂಬಿನಲ್ಲಿ ಜರ್ಮನಿಯವರ ಪರೀಕ್ಷೆ ನೋಡಿಕೊಂಡು ಬಂದು ಅದೇ ಮಾಡೆಲ್ ಬೇಕು ಅನ್ನುವವರೂ ಇದ್ದಾರೆ. 2020ರ ಜೂನ್‌ನಿಂದ ಹೊರದೇಶದ ಟೈರ್ ತರಿಸೋಕೆ ಸರ್ಕಾರದ ಲೈಸೆನ್ಸ್ ಬೇಕು. ಇಲ್ಲಿ ತಯಾರಾಗದ ಸೈಜುಗಳು ಸಿಗುವುದು ಕಷ್ಟ, ಸಿಕ್ಕರೂ ಬೆಲೆ ಹೆಚ್ಚು. ಸೈಡ್‌ವಾಲ್ ಮೇಲೆ ಐಎಸ್‌ಐ ಗುರುತು ಇಲ್ಲದ್ದನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಮುಟ್ಟಬೇಡಿ.

ಲೋಡ್ ಇಂಡೆಕ್ಸ್ ಮತ್ತು ಸ್ಪೀಡ್ ಅಕ್ಷರ, ಅಂದರೆ 91ವಿ ತರಹದ್ದು, ಕಂಪನಿ ಕೊಟ್ಟದ್ದಕ್ಕಿಂತ ಕಮ್ಮಿ ಆಗಬಾರದು. 91 ಅಂದರೆ ಒಂದು ಟೈರಿಗೆ 615 ಕೆಜಿ, ವಿ ಅಂದರೆ ಗಂಟೆಗೆ 240 ಕಿಮೀ. "ನಾನೆಲ್ಲಿ 240ರಲ್ಲಿ ಹೋಗ್ತೀನಿ ಸರ್" ಅಂತ ಕೇಳುತ್ತಾರೆ. ಹೋಗುವುದು ಬೇಡ. ಜಾಸ್ತಿ ವೇಗ ತಡೆಯೋಕೆ ಮಾಡಿದ ಟೈರಿನ ಒಳಕಟ್ಟು ಸಾಮಾನ್ಯವಾಗಿ ಬಿಗಿ ಇರುತ್ತದೆ, ಸ್ಟೀರಿಂಗ್‌ನಲ್ಲಿ ಆ ಬಿಗಿ 80ರಲ್ಲೇ ಗೊತ್ತಾಗುತ್ತದೆ. ತಯಾರಾದ ದಿನಾಂಕವನ್ನೂ ನೋಡಿ. ಸೈಡ್‌ವಾಲ್ ಮೇಲಿನ ತಯಾರಿಕೆಯ ಕೋಡ್‌ನಲ್ಲಿ ಕೊನೆಯ ನಾಲ್ಕು ಅಂಕೆ 2324 ಅಂತಿದ್ದರೆ 2024ರ 23ನೇ ವಾರ. ವರ್ಷ ದಾಟಿದ ಮಾಲಾದರೆ ಚೌಕಾಸಿ ಮಾಡಿ, ಇಲ್ಲವೇ ಬೇರೆ ತೆಗೆಸಿ.

ಹ್ಯಾಂಡ್ಲಿಂಗ್ ಬಗ್ಗೆ ಬರುವ ದೂರುಗಳಲ್ಲಿ ಅರ್ಧಕ್ಕೆ ಟೈರ್ ಕಾರಣವೇ ಅಲ್ಲ, ಅಲೈನ್‌ಮೆಂಟ್, ಅಂದರೆ ಚಕ್ರಗಳು ನಿಂತಿರುವ ಕೋನ. ಹಳೆಯ ಟೈರ್ ಬಿಚ್ಚುವ ಮೊದಲು ಟ್ರೆಡ್ ಮೇಲೆ ಅಡ್ಡಕ್ಕೆ ಕೈಯಾಡಿಸಿ ನೋಡಿ. ಒಂದು ಕಡೆಗೆ ನುಣುಪು, ವಾಪಸ್ ಬರುವಾಗ ಗರಗಸದ ಹಾಗೆ ತರಚಿದರೆ ಟೋ (ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ತಪ್ಪಿದೆ. ಒಳಗಿನ ಅಂಚು ಮಾತ್ರ ಬೋಳಾಗಿದ್ದರೆ ಟೋ ಇಲ್ಲವೇ ಕ್ಯಾಂಬರ್ (ಚಕ್ರ ಪಕ್ಕಕ್ಕೆ ವಾಲಿರುವ ಕೋನ) ತಪ್ಪಿರುತ್ತದೆ, ಕೆಲವೊಮ್ಮೆ ಸಸ್ಪೆನ್ಶನ್ನಿನ ರಬ್ಬರ್ ಬುಷ್ ಹೋಗಿರುತ್ತದೆ. ಅದನ್ನು ಸರಿ ಮಾಡಿಸದೆ ಎಷ್ಟೇ ದುಬಾರಿ ಟೈರ್ ಹಾಕಿಸಿದರೂ ಕೆಲವೇ ತಿಂಗಳಲ್ಲಿ ತಿಂದು ಹಾಕುತ್ತದೆ. ಬದಲಿಸಿದ ಮೇಲೆ ಅಲೈನ್‌ಮೆಂಟ್‌ನ ಪ್ರಿಂಟ್ ಕೇಳಿ ತಗೊಳ್ಳಿ, ಮೊದಲಿನ ಮತ್ತು ಆಮೇಲಿನ ಅಂಕೆ ಎರಡೂ ಇರಲಿ. ಕೊಡಲ್ಲ ಅಂದರೆ ಅಲ್ಲಿ ಮಾಡಿಸಬೇಡಿ.

ಎರಡೇ ಟೈರ್ ಬದಲಿಸುವುದಾದರೆ ಹೊಸದು ಹಿಂದಕ್ಕೆ. ಮುಂದಿನ ಚಕ್ರ ಎಳೆಯುವ ಕಾರಾದರೂ ಹಿಂದಕ್ಕೇ. ಇದನ್ನು ಹೇಳಿದರೆ ಜಗಳಕ್ಕೇ ಬರುತ್ತಾರೆ. ಆದರೆ ಒದ್ದೆಯಲ್ಲಿ ಮುಂದಿನ ಚಕ್ರ ಜಾರಿದರೆ ಸ್ಟೀರಿಂಗ್ ಹಗುರಾಗಿ ಕೈಗೆ ಗೊತ್ತಾಗುತ್ತದೆ, ಕಾಲು ತೆಗೆದರೆ ಹೆಚ್ಚಿನ ಸಲ ಸರಿಹೋಗುತ್ತದೆ. ಹಿಂದಿನದು ಜಾರಿದರೆ ಕಾರು ಗಿರಕಿ ಹೊಡೆಯುತ್ತದೆ, ಆಗ ಕಾಲು ತೆಗೆದರೆ ಇನ್ನೂ ಕೆಡುತ್ತದೆ. ಒಂದೇ ಆ್ಯಕ್ಸಲ್‌ನಲ್ಲಿ ಎರಡು ಬಗೆಯ ಟೈರ್ ಬೇಡವೇ ಬೇಡ. ಕಾನೂನಿನ ಮಿತಿ 1.6 ಮಿಮೀ ಟ್ರೆಡ್, ಆದರೆ ಚುರುಕಾಗಿ ಓಡಿಸುವವರು ಮಳೆಗಾಲಕ್ಕೆ ಮುಂಚೆ 3 ಮಿಮೀ ಆದಾಗಲೇ ಯೋಚನೆ ಮಾಡಿ.

ಹೊಸ ಟೈರ್ ಹಾಕಿಸಿಕೊಂಡು ಹೋದವರು ಮರುದಿನ ಫೋನ್ ಮಾಡುತ್ತಾರೆ. "ಸರ್, ಕಾರು ತೇಲಾಡ್ತಾ ಇದೆ, ಹಳೇದೇ ಚೆನ್ನಾಗಿತ್ತು." ಅದು ನಿಜವೇ. ಹೊಸ ಟ್ರೆಡ್ 7-8 ಮಿಮೀ ಆಳ ಇರುತ್ತದೆ, ಅದರ ಎತ್ತರದ ಬ್ಲಾಕುಗಳು ತಿರುವಿನಲ್ಲಿ ಓಲಾಡುತ್ತವೆ. ಸವೆದ ಟೈರಿನಲ್ಲಿ ಓಲಾಡೋಕೆ ಏನೂ ಉಳಿದಿರಲಿಲ್ಲ, ಅದಕ್ಕೇ ಅದು ಬಿಗಿ ಅನಿಸುತ್ತಿತ್ತು. ಜೊತೆಗೆ ಅಚ್ಚಿನಿಂದ ತೆಗೆಯೋಕೆ ಹಚ್ಚಿದ ಜಾರು ಪದಾರ್ಥದ ಪದರ ಮೇಲೆ ಉಳಿದಿರುತ್ತದೆ. ಮೊದಲ ಇನ್ನೂರು ಮುನ್ನೂರು ಕಿಮೀ ಸಮಾಧಾನವಾಗಿ ಓಡಿಸಿ, ಆಮೇಲೆ ತೀರ್ಪು ಕೊಡಿ.

ಗಾಳಿಗೆ ನಿಮ್ಮದೇ ಒಂದು ಗೇಜ್ ಇಟ್ಟುಕೊಳ್ಳಿ. ಬೆಳಗ್ಗೆ ಟೈರ್ ತಣ್ಣಗಿರುವಾಗ ಬಾಗಿಲ ಕಂಬದ ಸ್ಟಿಕ್ಕರ್ ನೋಡಿ ತುಂಬಿಸಿ. ಪಂಚರ್ ಅಂಗಡಿಯವರು ಕೇಳದೆಯೇ 40 ತುಂಬಿಸಿಬಿಡುತ್ತಾರೆ, ಕಾರು ಗುಂಡಿಯಲ್ಲಿ ಚೆಂಡಿನ ಹಾಗೆ ಪುಟಿಯುತ್ತದೆ, ಬೈಗುಳ ಟೈರಿಗೆ. ಮುಂದಿನ ಚಕ್ರಗಳಲ್ಲಿ 2 ಪಿಎಸ್‌ಐ ಏರಿಸಿ ಇಳಿಸಿ ನೋಡಿದರೆ ಸ್ಟೀರಿಂಗ್ ಹೇಗೆ ಬದಲಾಗುತ್ತದೆ ಅಂತ ಒಂದೇ ದಿನದಲ್ಲಿ ಅರ್ಥವಾಗುತ್ತದೆ, ಖರ್ಚೂ ಇಲ್ಲ. ಗಾಳಿಯ ಬದಲು ನೈಟ್ರೋಜನ್ ತುಂಬಿಸುವ ಬಗ್ಗೆ ಕೇಳಬೇಡಿ. ನಾವು ಉಸಿರಾಡುವ ಗಾಳಿಯಲ್ಲೇ ಅದು ಶೇಕಡಾ 78 ಇದೆ.

ಬಿಎಂಡಬ್ಲ್ಯು 3 ಸೀರೀಸ್‌ನವರಿಗೆ ಒಂದು ಮಾತು. ರನ್‌ಫ್ಲಾಟ್ (ಗಾಳಿ ಹೋದರೂ ಸ್ವಲ್ಪ ದೂರ ಓಡುವ ಟೈರ್) ತೆಗೆದು ಮಾಮೂಲಿ ಟೈರ್ ಹಾಕಿಸಿದರೆ ಕಾರು ಮೃದುವಾಗುತ್ತದೆ, ಉಬ್ಬುತಗ್ಗಿನ ತಿರುವಿನಲ್ಲಿ ಚಕ್ರ ರಸ್ತೆ ಬಿಡುವುದಿಲ್ಲ, ನನಗಂತೂ ಅದೇ ಇಷ್ಟ. ಆದರೆ ಪಂಚರ್ ಆದಾಗ ನಿಧಾನಕ್ಕೆ ಮನೆ ಸೇರುವ ಸೌಕರ್ಯ ಹೋಯಿತು. ಡಿಕ್ಕಿಯಲ್ಲಿ ಸ್ಟೆಪ್ನಿ ಇಲ್ಲದಿದ್ದರೆ ಪಂಚರ್ ಕಿಟ್ ಮತ್ತು ಸಣ್ಣ ಕಂಪ್ರೆಸರ್ ಇಟ್ಟುಕೊಳ್ಳಲೇಬೇಕು. ಕಿಟ್‌ನಿಂದ ಟ್ರೆಡ್‌ನಲ್ಲಿ ಚುಚ್ಚಿದ ಮೊಳೆಗೆ ಪರಿಹಾರ ಸಿಗುತ್ತದೆ, ಸೈಡ್‌ವಾಲ್ ಹರಿದರೆ ಇಲ್ಲ. ಆಗ ಟೋಯಿಂಗ್ ಗಾಡಿಯೇ ಗತಿ.