ಸೋಲಲು ಬಾರದ ಯಂತ್ರ

ಪರದೆಯ ಮೇಲೆ ಸೊನ್ನೆ–ಇಂಟು ಆಡಲು ಹೊರಟರೆ ಸಾಮಾನ್ಯವಾಗಿ ಒಂದು ಆಯ್ಕೆ ಎದುರಾಗುತ್ತದೆ: ಸುಲಭವೋ, ಮಧ್ಯಮವೋ, ಕಠಿಣವೋ? ಕಾಗದದ ಮೇಲೆ ಆಡುವಾಗ ಯಾರೂ ಇದನ್ನು ಕೇಳುವುದಿಲ್ಲ. ಎದುರಿಗೆ ಕುಳಿತವರಿಗೆ ಎಷ್ಟು ಬರುತ್ತದೋ ಅಷ್ಟೇ ಕಷ್ಟ. ಯಂತ್ರದ ವಿಷಯ ಬೇರೆ. ಈ ಆಟದಲ್ಲಿ ಅದಕ್ಕೆ ಗೆಲುವನ್ನು ಕಲಿಸುವುದು ಎಂದೂ ದೊಡ್ಡ ತಲೆನೋವಾಗಿರಲಿಲ್ಲ. ಮರ್ಯಾದೆಯಿಂದ ಸೋಲುವುದನ್ನು ಕಲಿಸುವುದೇ ಕಷ್ಟ.

ಇರುವುದು ಒಂಬತ್ತು ಮನೆ, ಗೆಲ್ಲುವ ಸಾಲುಗಳು ಎಂಟು. ಗುರುತು ಹಾಕುವ ಕ್ರಮಗಳನ್ನೆಲ್ಲ ಎಣಿಸಿದರೆ 2,55,168 ಆಟಗಳಾಗುತ್ತವೆ. ಆದರೆ ಕ್ರಮವನ್ನು ಬಿಟ್ಟು ಹಾಳೆಯ ಮೇಲೆ ಮೂಡುವ ಸ್ಥಿತಿಗಳನ್ನಷ್ಟೇ ಎಣಿಸಿ, ಹಾಳೆಯನ್ನು ತಿರುಗಿಸಿದರೆ ಅಥವಾ ಕನ್ನಡಿಗೆ ಹಿಡಿದರೆ ಒಂದೇ ಆಗಿಬಿಡುವಂಥವನ್ನು ಒಟ್ಟಿಗೆ ಸೇರಿಸಿದಾಗ ಉಳಿಯುವುದು 765 ಮಾತ್ರ. ಇಬ್ಬರೂ ತಪ್ಪದೆ ಆಡಿದರೆ ಆಟ ಡ್ರಾ ಆಗಲೇಬೇಕು.

ಇಂಗ್ಲೆಂಡಿನ ಗಣಿತಜ್ಞ ಚಾರ್ಲ್ಸ್ ಬ್ಯಾಬೇಜ್ 19ನೇ ಶತಮಾನದಲ್ಲೇ ಈ ಆಟವಾಡುವ ಯಂತ್ರದ ಕನಸು ಕಂಡಿದ್ದರು. ಅದನ್ನು ಪ್ರದರ್ಶನಕ್ಕಿಟ್ಟು, ಬಂದ ಹಣದಿಂದ ತಮ್ಮ ಗಣಕಯಂತ್ರವನ್ನು ಕಟ್ಟುವ ಯೋಚನೆ. ಲಾಭ–ನಷ್ಟದ ಲೆಕ್ಕ ಹಾಕಿ ಅದನ್ನು ಕೈಬಿಟ್ಟರು. ಪ್ರದರ್ಶನಕ್ಕೆ ನಿಜವಾಗಿ ಬಂದದ್ದು 1950ರಲ್ಲಿ, ಟೊರಾಂಟೊದಲ್ಲಿ: ಎಂಜಿನಿಯರ್ ಜೋಸೆಫ್ ಕೇಟ್ಸ್ ನಿರ್ಮಿಸಿದ, ಸುಮಾರು ನಾಲ್ಕು ಮೀಟರ್ ಎತ್ತರದ ‘ಬರ್ಟಿ ದ ಬ್ರೇನ್’. ಗುಂಡಿ ಒತ್ತಿದರೆ ಮೇಲಿನ ಫಲಕದಲ್ಲಿ ಬಲ್ಬುಗಳು ಹೊತ್ತಿಕೊಳ್ಳುತ್ತಿದ್ದವು. ತಾವೇ ರೂಪಿಸಿದ ಹೊಸ ನಿರ್ವಾತ ನಳಿಕೆಯನ್ನು (ಆ ಕಾಲದ ಗಣಕಯಂತ್ರಗಳ ಮುಖ್ಯ ಬಿಡಿಭಾಗವಾಗಿದ್ದ ವ್ಯಾಕ್ಯೂಮ್ ಟ್ಯೂಬ್) ಜನರಿಗೆ ತೋರಿಸುವುದು ಕೇಟ್ಸ್ ಅವರ ಉದ್ದೇಶ. ಗಮನಿಸಬೇಕಾದದ್ದು, ಬರ್ಟಿಯ ಆಟದ ಮಟ್ಟವನ್ನು ಏರಿಸಿ ಇಳಿಸಬಹುದಿತ್ತು! ಸದಾ ಗೆಲ್ಲುವ ಯಂತ್ರದ ಮುಂದೆ ಜನ ಎಷ್ಟು ಹೊತ್ತು ಸಾಲಿನಲ್ಲಿ ನಿಂತಾರು? ಪ್ರದರ್ಶನ ಮುಗಿದ ಮೇಲೆ ಅದನ್ನು ಬಿಚ್ಚಿಹಾಕಲಾಯಿತು.

ಆದರೂ ಅದು ಬಲ್ಬುಗಳ ಆಟ. ಪರದೆಯ ಕಥೆ ಶುರುವಾಗುವುದು 1952ರಲ್ಲಿ, ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ. ಮನುಷ್ಯ ಮತ್ತು ಗಣಕಯಂತ್ರದ ನಡುವಿನ ಒಡನಾಟದ ಬಗ್ಗೆ ಪಿಎಚ್‌ಡಿ ಪ್ರಬಂಧ ಬರೆಯುತ್ತಿದ್ದ ಸ್ಯಾಂಡಿ ಡಗ್ಲಸ್, ಉದಾಹರಣೆಗೆಂದು ಅಲ್ಲಿನ ಎಡ್‌ಸ್ಯಾಕ್ ಎಂಬ ಗಣಕಯಂತ್ರಕ್ಕೆ ಈ ಆಟವನ್ನು ಬರೆದರು. ಪರದೆಯಲ್ಲಿ ಅಡ್ಡಕ್ಕೆ 35, ಉದ್ದಕ್ಕೆ 16 ಚುಕ್ಕೆಗಳು. ಅಷ್ಟರಲ್ಲೇ ಗೆರೆ, ಸೊನ್ನೆ, ಇಂಟು ಎಲ್ಲವೂ ಮೂಡಬೇಕು. ಕೀಲಿಮಣೆಯ ಬದಲು ಹಳೆಯ ದೂರವಾಣಿಯ ತಿರುಗುವ ಡಯಲ್. ಐದನೇ ಮನೆ ಬೇಕಾದರೆ ಐದರ ತೂತಿಗೆ ಬೆರಳಿಟ್ಟು ತಿರುಗಿಸಬೇಕು. ಡಯಲ್ ಕಿರ್ರೆಂದು ಹಿಂದಕ್ಕೆ ಬರುತ್ತದೆ. ಎದುರಾಳಿ ಮಾತ್ರ ತಪ್ಪದೆ ಆಡುವಂಥದ್ದು. ಅದರ ಮುಂದೆ ಕುಳಿತವರಿಗೆ ಡ್ರಾ ಮಾಡಿಕೊಳ್ಳುವುದೇ ದೊಡ್ಡ ಸಾಧನೆ.

ಈ ಕಥೆಯಲ್ಲಿ ಪ್ರಾಮಾಣಿಕವಾಗಿ ಸೋತ ಯಂತ್ರಕ್ಕೆ ಪರದೆಯೂ ಇರಲಿಲ್ಲ, ವಿದ್ಯುತ್ತೂ ಇರಲಿಲ್ಲ. 1961ರಲ್ಲಿ ಬ್ರಿಟನ್ನಿನ ವಿಜ್ಞಾನಿ ಡೊನಾಲ್ಡ್ ಮಿಚಿ 304 ಬೆಂಕಿಪೊಟ್ಟಣಗಳನ್ನು ಜೋಡಿಸಿ ಅದನ್ನು ಕಟ್ಟಿದರು. ಒಂದೊಂದು ಪೊಟ್ಟಣವೂ ಆಟದ ಒಂದು ಸ್ಥಿತಿ, ಒಳಗಿನ ಮಣಿಯ ಬಣ್ಣ ಒಂದು ಮನೆ. ಪೊಟ್ಟಣ ಅಲುಗಾಡಿಸಿದಾಗ ಯಾವ ಮಣಿ ಮುಂದೆ ಬರುತ್ತದೋ ಅದೇ ನಡೆ. ಗೆದ್ದರೆ ಆ ಬಣ್ಣದ ಮಣಿಗಳು ಹೆಚ್ಚುತ್ತವೆ, ಸೋತರೆ ಆಡಿದ ಮಣಿ ಹೊರಗೆ. ಮೊದಮೊದಲು ಪೆದ್ದುಪೆದ್ದಾಗಿ ಆಡಿ, ಸೋತು ಸೋತು ಅದು ಕಲಿತಿತು.

ಇಂದಿನ ಮೊಬೈಲ್ ಆಟಗಳಿಗೆ ಈ ಶ್ರಮವಿಲ್ಲ. ಕೊನೆಯ ನಡೆಯವರೆಗೂ ಲೆಕ್ಕ ಹಾಕಲು ಅವುಗಳಿಗೆ ಕಣ್ಣು ಮಿಟುಕಿಸುವಷ್ಟು ಹೊತ್ತೂ ಬೇಡ. ಹಾಗಾಗಿ ‘ಸುಲಭ’ ಎಂದರೆ ಬೇಕೆಂದೇ ಸೇರಿಸಿದ ತಪ್ಪು. ಎಷ್ಟೋ ಆಟಗಳಲ್ಲಿ ಯಂತ್ರ ಯಾವುದೋ ಖಾಲಿ ಮನೆಗೆ ಕಣ್ಣುಮುಚ್ಚಿ ಗುರುತು ಹಾಕುತ್ತದೆ. ಎರಡು ಇಂಟು ಸಾಲಾಗಿ ಕಾಣುತ್ತಿದ್ದರೂ ಮೂರನೆಯ ಮನೆಯನ್ನು ತಡೆಯುವುದಿಲ್ಲ. ಹಾಗೆ ಸಿಕ್ಕ ಗೆಲುವು ನನಗಂತೂ ಸಪ್ಪೆ.

ತಪ್ಪು ಎರಡು ಹೆಜ್ಜೆ ಮೊದಲೇ ಆಗಬೇಕು. ನಾವು ಮೇಲಿನ ಎಡಮೂಲೆಯಲ್ಲಿ ಇಂಟು ಹಾಕಿದೆವು ಎನ್ನಿ. ಯಂತ್ರಕ್ಕೆ ಉಳಿಗಾಲವಿರುವುದು ನಡುಮನೆಯಲ್ಲಿ ಮಾತ್ರ, ಆದರೆ ಅದು ನಮ್ಮ ಗುರುತಿನ ಪಕ್ಕದಲ್ಲೇ, ಮೇಲಿನ ಸಾಲಿನ ಮಧ್ಯದಲ್ಲಿ ಸೊನ್ನೆ ಹಾಕಿತು. ನಾವು ನಡುಮನೆ ಹಿಡಿಯುತ್ತೇವೆ. ಅದು ಗಾಬರಿಯಿಂದ ಕೆಳಗಿನ ಬಲಮೂಲೆಯನ್ನು ತಡೆಯುತ್ತದೆ. ನಾವು ಕೆಳಗಿನ ಎಡಮೂಲೆಗೆ ಇಳಿಯುತ್ತೇವೆ. ಈಗ ಎಡಬದಿಯ ಸಾಲಿನಲ್ಲೂ ಓರೆ ಸಾಲಿನಲ್ಲೂ ಒಂದೊಂದೇ ಮನೆ ಬಾಕಿ. ಯಂತ್ರದ ಕೈಯಲ್ಲಿರುವುದು ಒಂದೇ ಸೊನ್ನೆ.