ಒಂದು ಗಂಟೆ ಒಂದೇ ಸಲ ಯಾಕೆ ತೆಗೆಯಲ್ಲ?

ಟೆಲಿಸ್ಕೋಪ್ ಚಿತ್ರಗಳನ್ನು ಜೋಡಿಸುವುದೇ ನನ್ನ ಕೆಲಸ, ಹಾಗಾಗಿ ಈ ಪ್ರಶ್ನೆ ತಪ್ಪಿದ್ದೇ ಇಲ್ಲ: ಎರಡೆರಡು ನಿಮಿಷದ ಮೂವತ್ತು ಚಿತ್ರ ಯಾಕೆ, ಶಟರ್ ಒಂದು ಗಂಟೆ ತೆರೆದಿಟ್ಟು ಸುಮ್ನೆ ಕೂತರೆ ಆಗಲ್ವಾ?

ಆಗುತ್ತದೆ. ಆದರೆ ಐವತ್ತನೇ ನಿಮಿಷಕ್ಕೆ ಮೋಡ ಬಂದರೆ, ಗಾಳಿಗೆ ಟೆಲಿಸ್ಕೋಪ್ ಅಲುಗಿದರೆ, ಉಪಗ್ರಹವೊಂದು ಅಡ್ಡ ಗೆರೆ ಎಳೆದು ಹೋದರೆ ಆ ಗಂಟೆಯೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಬಿಡಿ ಬಿಡಿಯಾಗಿ ತೆಗೆದಿದ್ದರೆ ಕೆಟ್ಟದ್ದನ್ನು ಮಾತ್ರ ಬಿಸಾಡಬಹುದು.

ಇನ್ನು ನಾಯ್ಸ್, ಅಂದರೆ ಮಂಕು ಚಿತ್ರದಲ್ಲಿ ಕಾಣುವ ಆ ತರಿತರಿ. ಚಿತ್ರಗಳನ್ನು ನಕ್ಷತ್ರಕ್ಕೆ ನಕ್ಷತ್ರ ಹೊಂದಿಸಿ ಇಟ್ಟರೆ ಗೆಲಾಕ್ಸಿ ಎಲ್ಲದರಲ್ಲೂ ಒಂದೇ ಜಾಗದಲ್ಲಿರುತ್ತದೆ, ತರಿ ಮಾತ್ರ ಪ್ರತಿ ಸಲ ಬೇರೆ. ಸರಾಸರಿ ತೆಗೆದಾಗ ತರಿ ಸವೆಯುತ್ತದೆ, ಅದೂ ಚಿತ್ರಗಳ ಸಂಖ್ಯೆಯ ವರ್ಗಮೂಲದ ಲೆಕ್ಕದಲ್ಲಿ. 25 ಚಿತ್ರಕ್ಕೆ 5 ಪಟ್ಟು ಲಾಭ. ಅದನ್ನು 10 ಪಟ್ಟು ಮಾಡಬೇಕಾದರೆ 50 ಅಲ್ಲ, 100 ಬೇಕು. ಜನ ಸುಸ್ತಾಗುವುದು ಇಲ್ಲೇ.

ಹಾಗಂತ ಒಂದೊಂದು ಸೆಕೆಂಡಿನ ಸಾವಿರಾರು ಚಿತ್ರ ತೆಗೆಯುವುದೂ ಜಾಣತನ ಅಲ್ಲ, ಯಾಕೆಂದರೆ ಕ್ಯಾಮೆರಾ ಪ್ರತಿ ಚಿತ್ರ ಓದಿಕೊಳ್ಳುವಾಗಲೂ ತನ್ನದೂ ಇರಲಿ ಅಂತ ಸ್ವಲ್ಪ ನಾಯ್ಸ್ ಸೇರಿಸುತ್ತದೆ. ಬೆಂಗಳೂರಿನ ಬೆಳಕಿನ ಆಕಾಶದಲ್ಲಿ ಆಕಾಶದ್ದೇ ಜಾಸ್ತಿ, ಇದು ಲೆಕ್ಕಕ್ಕೇ ಬರುವುದಿಲ್ಲ. ಲಡಾಖಿನ ಹಾನ್ಲೆಯಂಥ ಕತ್ತಲಲ್ಲಿ (ಅಲ್ಲಿನ 2 ಮೀಟರ್ ಟೆಲಿಸ್ಕೋಪನ್ನು ನಡೆಸುವುದು ನಮ್ಮ ಹೊಸಕೋಟೆಯಿಂದ!) ಒಂದೊಂದು ಎಕ್ಸ್‌ಪೋಷರನ್ನೂ ಉದ್ದ ಇಡಬೇಕು.

ಧೂಳಿನ ಕಲೆ, ಸತ್ತ ಪಿಕ್ಸೆಲ್ ಮಾತ್ರ ಸರಾಸರಿಗೆ ಬಗ್ಗುವುದಿಲ್ಲ. ಅವು ಪ್ರತಿ ಚಿತ್ರದಲ್ಲೂ ಅಲ್ಲೇ ಕೂತಿರುತ್ತವೆ. ಧೂಳಿಗೆ ಫ್ಲ್ಯಾಟ್ ಫ್ರೇಮ್ ಇದೆ, ಅಂದರೆ ಸಮನಾಗಿ ಬೆಳಗಿದ ಖಾಲಿ ಹಿನ್ನೆಲೆಯ ಚಿತ್ರ; ಅದರಿಂದ ಭಾಗಿಸಿದರೆ ಕಲೆ ಹೋಗುತ್ತದೆ. ಪಿಕ್ಸೆಲ್‌ಗೆ ಉಪಾಯ, ಪ್ರತಿ ಚಿತ್ರಕ್ಕೂ ಟೆಲಿಸ್ಕೋಪನ್ನು ಚೂರು ಸರಿಸುವುದು. 1995ರ ಡಿಸೆಂಬರ್‌ನಲ್ಲಿ ಹಬಲ್ ಮಾಡಿದ್ದೂ ಇದನ್ನೇ: ಸಪ್ತರ್ಷಿ ಮಂಡಲದಲ್ಲಿ ಏನೂ ಇಲ್ಲವೆನ್ನಿಸುವ ಒಂದು ಚೂರು ಆಕಾಶವನ್ನು 10 ದಿನ ನೋಡಿ, 342 ಎಕ್ಸ್‌ಪೋಷರ್ ತೆಗೆದುಕೊಂಡಿತು. ಹಾಗೆ ಸರಿಸಿದ್ದರಿಂದ ಕೆಟ್ಟ ಪಿಕ್ಸೆಲ್ ತೊಲಗಿದ್ದಷ್ಟೇ ಅಲ್ಲ, ಪಿಕ್ಸೆಲ್‌ಗಿಂತ ಸಣ್ಣ ವಿವರವೂ ಸಿಕ್ಕಿತು. ಅದನ್ನು ಹೆಕ್ಕುವುದಕ್ಕೆಂದೇ ಹುಟ್ಟಿದ 'ಡ್ರಿಜಲ್' ವಿಧಾನವನ್ನು ಇವತ್ತಿಗೂ ಬಳಸುತ್ತೇವೆ. ಕಂಡದ್ದು ಸುಮಾರು 3,000 ಗೆಲಾಕ್ಸಿ.

ಕಾಸ್ಮಿಕ್ ಕಿರಣ, ಉಪಗ್ರಹದ ಗೆರೆ ಇಂಥವಕ್ಕೆ ಸರಾಸರಿ ಬದಲು ಮೀಡಿಯನ್, ಅಂದರೆ ಪ್ರತಿ ಪಿಕ್ಸೆಲ್‌ನ ಬೆಲೆಗಳನ್ನು ಸಾಲಾಗಿ ಜೋಡಿಸಿದಾಗ ನಟ್ಟನಡುವೆ ಬರುವುದು, ಒಳ್ಳೆಯದು. ಒಂದೆರಡರಲ್ಲಿ ಮಾತ್ರ ಕಂಡದ್ದನ್ನು ಅದು ಕಿತ್ತು ಹಾಕುತ್ತದೆ. ಆದರೆ ಅದಕ್ಕೆ ಕಸ ಯಾವುದು, ಸುದ್ದಿ ಯಾವುದು ಗೊತ್ತಿಲ್ಲ. ಒಮ್ಮೆ ಕ್ಷುದ್ರಗ್ರಹವೊಂದನ್ನು ಹಿಡಿಯಲು ತೆಗೆದ ನಲವತ್ತು ಚಿತ್ರಗಳಿಗೆ ಅಭ್ಯಾಸಬಲದಿಂದ ಮೀಡಿಯನ್ ಹಾಕಿಬಿಟ್ಟೆ. ಚಿತ್ರ ಬಲು ಸ್ವಚ್ಛ, ಕ್ಷುದ್ರಗ್ರಹವೇ ಇಲ್ಲ. ಪುಣ್ಯಕ್ಕೆ ಮೂಲ ಫೈಲ್ ಅಳಿಸಿರಲಿಲ್ಲ. ಮತ್ತೆ ಕೂತು, ನಕ್ಷತ್ರ ಬಿಟ್ಟು ಅದರ ಓಟಕ್ಕೇ ಹೊಂದಿಸಿ ಸರಾಸರಿ ತೆಗೆದೆ. ಈ ಸಲ ನಕ್ಷತ್ರಗಳೆಲ್ಲ ಗೆರೆ ಗೆರೆ, ನಡುವೆ ಅದೊಂದೇ ಚುಕ್ಕೆ.