ಮಗುವನ್ನು ನೋಡದೆ ಟೋಪಿಯ ಅಳತೆ ಹಿಡಿಯುವುದು ಹೇಗೆ?

ಪ್ರಶ್ನೆ: ಸ್ವೆಟರ್ ಹೆಣೆಯುವಷ್ಟು ನಿಟ್ಟಿಂಗ್ ನನಗೆ ಬರುತ್ತದೆ. ದಿನ ತುಂಬುವ ಮೊದಲೇ ಹುಟ್ಟಿದ ಮಕ್ಕಳಿಗೆ ಟೋಪಿ ಹೆಣೆದು ಆಸ್ಪತ್ರೆಗೆ ಕೊಡಬೇಕೆಂದಿದ್ದೇನೆ. ಆದರೆ ಮಗುವನ್ನೇ ನೋಡದೆ ಅಳತೆ ಗೊತ್ತಾಗುವುದು ಹೇಗೆ? ತೀರಾ ಚಿಕ್ಕದಾದರೆ ಎಂಬ ಭಯದಿಂದ ಸ್ವಲ್ಪ ದೊಡ್ಡದಾಗಿಯೇ ಹೆಣೆದರೆ ಆಗದೇ?

ಉತ್ತರ: ದಯವಿಟ್ಟು ದೊಡ್ಡದಾಗಿ ಹೆಣೆಯಬೇಡಿ. ಈ ಪ್ರಶ್ನೆ ಕೇಳುವವರಲ್ಲಿ ಹೆಚ್ಚಿನವರು ಅದನ್ನೇ ಯೋಚಿಸಿರುತ್ತಾರೆ. ಬೆಳೆಯುವ ಮಗುವಿನ ಅಂಗಿ ದೊಡ್ಡದಾದರೆ ನಷ್ಟವಿಲ್ಲ, ಮುಂದಿನ ತಿಂಗಳಿಗೆ ಸರಿಹೋಗುತ್ತದೆ. ಟೋಪಿಯ ವಿಷಯ ಹಾಗಲ್ಲ. ಸಡಿಲವಾದ ಟೋಪಿ ಕಣ್ಣಿನ ಮೇಲೆ, ಅಲ್ಲಿಂದ ಮೂಗಿನ ಮೇಲೆ ಜಾರುತ್ತದೆ. ಅದನ್ನು ಸರಿಸಿಕೊಳ್ಳುವ ಶಕ್ತಿ ಆ ಮಗುವಿಗೆ ಇರುವುದಿಲ್ಲ. ಜಾರದಿದ್ದರೂ ತಲೆಗೂ ನೂಲಿಗೂ ನಡುವೆ ಗಾಳಿ ಆಡುವಷ್ಟು ಸಂದಿ ಉಳಿದರೆ ಟೋಪಿ ಹಾಕಿದ ಉದ್ದೇಶವೇ ಕೆಟ್ಟಂತೆ.

ಮಗುವನ್ನು ನೋಡಲೇಬೇಕೆಂದಿಲ್ಲ. ಗರ್ಭದಲ್ಲಿ ಎಷ್ಟು ವಾರ ಬೆಳೆದಿತ್ತು ಎಂಬುದು ಗೊತ್ತಾದರೆ ತಲೆಯ ಸುತ್ತಳತೆ ಹೆಚ್ಚುಕಡಿಮೆ ಗೊತ್ತಾದಂತೆಯೇ. 37 ವಾರ ತುಂಬುವ ಮೊದಲು ಹುಟ್ಟಿದ ಮಗುವನ್ನು ಅವಧಿಪೂರ್ವ ಶಿಶು ಎನ್ನುತ್ತಾರೆ. ಆದರೆ ಆ ಒಂದೇ ಹೆಸರಿನ ಕೆಳಗೆ ಬಹಳ ಬೇರೆಬೇರೆ ಗಾತ್ರದ ಮಕ್ಕಳಿದ್ದಾರೆ. 24 ವಾರದ ಮಗುವಿನ ತಲೆಯ ಸುತ್ತಳತೆ ಸುಮಾರು 22 ಸೆಂಟಿಮೀಟರ್. 28 ವಾರಕ್ಕೆ ಸುಮಾರು 26, 32ಕ್ಕೆ 29, 36ಕ್ಕೆ 33. ದಿನ ತುಂಬಿ ಹುಟ್ಟಿದ ಮಗುವಿನದು ಸುಮಾರು 35. ಒಂದೇ ವಾರಕ್ಕೆ ಹುಟ್ಟಿದ ಇಬ್ಬರು ಮಕ್ಕಳಲ್ಲೂ ಒಂದೆರಡು ಸೆಂಟಿಮೀಟರ್ ಆಚೀಚೆ ಇರುತ್ತದೆ. ಹಾಗಾಗಿ 'ಪ್ರಿಮೀ ಸೈಜ್' (ಅವಧಿಪೂರ್ವ ಶಿಶುವಿನ ಅಳತೆ) ಎಂದಷ್ಟೇ ಬರೆದ ಮಾದರಿಯನ್ನು ನಂಬಿ ಹೆಣೆಯಲು ಕೂರಬೇಡಿ. ಅದರಲ್ಲಿ ಸೆಂಟಿಮೀಟರ್ ಎಷ್ಟೆಂದು ಮೊದಲು ನೋಡಿ.

ಇಷ್ಟು ಸಣ್ಣ ತಲೆಗೆ ಟೋಪಿ ಯಾಕಿಷ್ಟು ಮುಖ್ಯ ಎಂದು ತಿಳಿದರೆ ಅಳತೆಯ ವಿಷಯ ತಾನಾಗಿಯೇ ಅರ್ಥವಾಗುತ್ತದೆ. ನವಜಾತ ಶಿಶುವಿನ ಮೈಯ ಒಟ್ಟು ಹೊರಮೈಯಲ್ಲಿ ತಲೆಯದೇ ಸುಮಾರು ಐದನೇ ಒಂದು ಪಾಲು. ದೊಡ್ಡವರಲ್ಲಿ ಅದು ಹತ್ತನೇ ಒಂದು ಪಾಲಿಗಿಂತಲೂ ಕಡಿಮೆ. ಮೈ ಬಿಸಿ ಮಾಡಿಕೊಳ್ಳಲು ನಾವು ನಡುಗುತ್ತೇವೆ, ಶಿಶುಗಳು ಹಾಗೆ ನಡುಗಲಾರವು. ಅವು ನೆಚ್ಚಿಕೊಂಡಿರುವುದು ಉರಿದು ಮೈಗೆ ಬಿಸಿ ಕೊಡುವ ಕಂದು ಕೊಬ್ಬನ್ನು. ಅದು ಗರ್ಭದಲ್ಲಿ ಕೂಡಿಕೊಳ್ಳುವುದು ಹೆಚ್ಚಾಗಿ ಕೊನೆಯ ತಿಂಗಳುಗಳಲ್ಲಿ. ಬೇಗ ಹುಟ್ಟಿದ ಮಗುವಿಗೆ ಆ ದಾಸ್ತಾನು ಸಾಕಷ್ಟು ಇರುವುದಿಲ್ಲ, ಚರ್ಮವೂ ತೆಳು. ನವಜಾತ ಶಿಶುವಿನ ಮೈಬಿಸಿ 36.5ರಿಂದ 37.5 ಡಿಗ್ರಿ ಸೆಲ್ಸಿಯಸ್ ಒಳಗೆ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದಕ್ಕಿಂತ ಇಳಿದರೆ ಮಗು ಬಿಸಿ ಹುಟ್ಟಿಸಿಕೊಳ್ಳಲು ಸಕ್ಕರೆಯನ್ನೂ ಆಮ್ಲಜನಕವನ್ನೂ ಖರ್ಚು ಮಾಡುತ್ತದೆ. ತೂಕ ಏರಲು ಬೇಕಿದ್ದ ಶಕ್ತಿ ಹೀಗೆ ಸೋರಿಹೋಗುತ್ತದೆ.

1978ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ಡಾ. ಎಡ್ಗರ್ ರೇ ಸನಾಬ್ರಿಯಾ ಶುರುಮಾಡಿದ ಕಾಂಗರೂ ಆರೈಕೆ ಇಂದು ಜಗತ್ತಿನ ಎಲ್ಲೆಡೆ ಇದೆ. ಅದರಲ್ಲಿ ಮಗುವನ್ನು ತಾಯಿಯ ಬರಿ ಎದೆಗೆ ಅವುಚಿಡುತ್ತಾರೆ. ಮಗುವಿನ ಮೈಮೇಲೆ ನ್ಯಾಪಿ, ಕಾಲುಚೀಲ, ಟೋಪಿ ಬಿಟ್ಟರೆ ಬಹುತೇಕ ಬೇರೇನೂ ಇರುವುದಿಲ್ಲ. ಮೈಗೆ ತಾಯಿಯ ಬಿಸಿ ಸಿಗುತ್ತದೆ. ತಲೆ ಮಾತ್ರ ಹೊರಗೆ, ಅದನ್ನು ಕಾಯುವುದು ನಿಮ್ಮ ಟೋಪಿ.

ಈಗ ಕಡ್ಡಿ ಕೈಗೆತ್ತಿಕೊಳ್ಳೋಣ. ಟೋಪಿ ತಲೆಗಿಂತ 2ರಿಂದ 4 ಸೆಂಟಿಮೀಟರ್ ಚಿಕ್ಕದಾಗಿರಬೇಕು, ಆದರೆ ಧಾರಾಳವಾಗಿ ಹಿಗ್ಗಬೇಕು. ಹಿಗ್ಗಿ ತಲೆಯನ್ನು ಹಿಡಿದುಕೊಳ್ಳುವುದೇ ಟೋಪಿಯ ಗುಣ. ಬೇಗ ಹುಟ್ಟಿದ ಮಕ್ಕಳು ಬಹಳ ದಿನ ಪಕ್ಕಕ್ಕೆ ಮಲಗಿರುವುದರಿಂದ ತಲೆ ಕಿರಿದಾಗಿ ಉದ್ದಕ್ಕೆ ಬೆಳೆಯುವುದೂ ಉಂಟು. ಹಿಗ್ಗುವ ಹೆಣಿಗೆ ಯಾವ ಆಕಾರಕ್ಕೂ ಒಗ್ಗಿಕೊಳ್ಳುತ್ತದೆ. ಎರಡು ನಿಟ್ (ಸೀದಾ), ಎರಡು ಪರ್ಲ್ (ಉಲ್ಟಾ) ಸ್ಟಿಚ್ ಸರದಿಯಾಗಿ ಬರುವ ಏಣಿನ ಹೆಣಿಗೆ, ಅಂದರೆ ರಿಬ್, ಇದಕ್ಕೆ ಹೇಳಿ ಮಾಡಿಸಿದ್ದು. ತೀರಾ ಚಿಕ್ಕ ಅಳತೆಗಳಲ್ಲಿ ಇಡೀ ಟೋಪಿಯನ್ನೇ ರಿಬ್‌ನಲ್ಲಿ ಹೆಣೆಯುವುದು ನನಗೆ ಇಷ್ಟ.

ಡಿಕೆ ದಪ್ಪದ (ತೀರಾ ತೆಳುವೂ ಅಲ್ಲದ, ದಪ್ಪವೂ ಅಲ್ಲದ) ನೂಲು, 4 ಮಿಲಿಮೀಟರ್ ಕಡ್ಡಿ, ಸಾದಾ ಹೆಣಿಗೆಯಲ್ಲಿ 10 ಸೆಂಟಿಮೀಟರಿಗೆ 22 ಸ್ಟಿಚ್ ಬರುತ್ತದೆ ಎಂದಿಟ್ಟುಕೊಳ್ಳಿ. ಆಗ ಲೆಕ್ಕ ನೆನಪಿಡಲು ತುಂಬಾ ಸುಲಭ: 24 ವಾರಕ್ಕೆ 40 ಸ್ಟಿಚ್, ಅಲ್ಲಿಂದ ಪ್ರತಿ ನಾಲ್ಕು ವಾರಕ್ಕೆ ಎಂಟು ಸ್ಟಿಚ್ ಹೆಚ್ಚು. ಅಂದರೆ 28ಕ್ಕೆ 48, 32ಕ್ಕೆ 56, 36ಕ್ಕೆ 64, ದಿನ ತುಂಬಿದ ಮಗುವಿಗೆ 72. ನಿಮ್ಮ ಕೈ ಬಿಗಿಯೋ ಸಡಿಲವೋ ನಿಮಗೇ ಗೊತ್ತು. ಮೊದಲು ಅಂಗೈಯಗಲದ ಒಂದು ತುಂಡು ಹೆಣೆದು, ಒಗೆದು, ಒಣಗಿಸಿ, ಆಮೇಲೆ ಅಳೆಯಿರಿ. 22ರ ಬದಲು 20 ಬಂದರೆ ಕಡ್ಡಿ ಬದಲಿಸಿ. ದೊಡ್ಡವರ ಸ್ವೆಟರಿನಲ್ಲಿ ಈ ವ್ಯತ್ಯಾಸ ಹೇಗೋ ಮುಚ್ಚಿಹೋದೀತು, ಇಲ್ಲಿ ಒಂದು ಅಳತೆಯೇ ಏರುಪೇರಾಗುತ್ತದೆ.

ಎತ್ತರಕ್ಕೆ ತಲೆಯ ಸುತ್ತಳತೆಯ ಐದರಲ್ಲಿ ಎರಡು ಪಾಲು ಸಾಕು: 28 ವಾರದ ಮಗುವಿಗೆ ಸುಮಾರು 10 ಸೆಂಟಿಮೀಟರ್, ದಿನ ತುಂಬಿದ ಮಗುವಿಗೆ 14. ಇದರ ಮೇಲೆ ಇನ್ನೊಂದು 2 ಸೆಂಟಿಮೀಟರ್ ರಿಬ್ ಸೇರಿಸಿ ಅಂಚು ಮಡಚುವಂತೆ ಮಾಡಿದರೆ, ಕಿವಿ ಮುಚ್ಚುವಷ್ಟು ಇಳಿಸುವುದೂ ಹಣೆ ಕಾಣುವಷ್ಟು ಏರಿಸುವುದೂ ನರ್ಸ್‌ಗಳ ಕೈಯಲ್ಲಿರುತ್ತದೆ.

ಸ್ಟಿಚ್‌ಗಳೆಲ್ಲ ಎಂಟರ ಲೆಕ್ಕದಲ್ಲಿರುವುದು ನೆತ್ತಿಯ ಹತ್ತಿರ ಉಪಯೋಗಕ್ಕೆ ಬರುತ್ತದೆ. 48 ಸ್ಟಿಚ್‌ನ ಟೋಪಿ ಎಂದರೆ ಎಂಟು ಭಾಗ, ಭಾಗಕ್ಕೆ ಆರು. ನೆತ್ತಿಗೆ ಇನ್ನು 3 ಸೆಂಟಿಮೀಟರ್ ಇದೆ ಎನ್ನುವಾಗ ನಾಲ್ಕು ಸ್ಟಿಚ್ ಹೆಣೆದು ಮುಂದಿನ ಎರಡನ್ನು ಸೇರಿಸಿ ಒಂದಾಗಿ ಹೆಣೆಯಿರಿ. ಸುತ್ತು ಮುಗಿಯುವವರೆಗೂ ಇದೇ. ನಂತರ ಒಂದು ಸುತ್ತು ಸಾದಾ. ಆಮೇಲೆ ಮೂರು ಹೆಣೆದು ಎರಡು ಸೇರಿಸುವುದು, ಮತ್ತೆ ಸಾದಾ, ಹೀಗೆ ಎಂಟೇ ಸ್ಟಿಚ್ ಉಳಿಯುವ ತನಕ. ನೂಲನ್ನು ಕತ್ತರಿಸಿ, ಆ ಎಂಟರೊಳಗೂ ದಬ್ಬಣದಿಂದ ಎರಡು ಸಲ ತೂರಿಸಿ, ಎಳೆದು ಬಿಗಿ ಮಾಡಿ. ಒಳಗಡೆ ಗಂಟು ಹಾಕಬೇಡಿ. ಬಾಲವನ್ನು ಹೆಣಿಗೆಯ ಜೊತೆಗೇ ಮೂರು ದಿಕ್ಕಿಗೆ ಓಡಿಸಿ ಅಡಗಿಸಿ. ಅಕ್ಕಿಕಾಳಿಗಿಂತ ಸಣ್ಣ ಗಂಟಾದರೂ, ಅದರ ಮೇಲೆ ಗಂಟೆಗಟ್ಟಲೆ ಮಲಗುವ ಮಗುವಿನ ನೆತ್ತಿ ಕೆಂಪಗಾಗುತ್ತದೆ.

ಇದೇ ಕಾರಣಕ್ಕೆ ಹೊಲಿಗೆಯಿಲ್ಲದಂತೆ ಸುತ್ತಾಗಿ ಹೆಣೆಯುವುದು ಒಳ್ಳೆಯದು. ನಾಲ್ಕೈದು ಚಿಕ್ಕ ಕಡ್ಡಿಗಳಲ್ಲೋ ಉದ್ದ ದಾರದ ಸರ್ಕ್ಯುಲರ್ ಕಡ್ಡಿಯಲ್ಲೋ ಹೆಣೆಯಬಹುದು. ಎರಡು ಕಡ್ಡಿಯಲ್ಲೇ ಅಭ್ಯಾಸವಿದ್ದರೆ ಬಿಡಬೇಕಿಲ್ಲ. ಜೋಡಿಸುವ ಹೊಲಿಗೆ ಉಬ್ಬದೆ ಚಪ್ಪಟೆಯಾಗಿರಲಿ.

ಎಲ್ಲಕ್ಕಿಂತ ಹೆಚ್ಚು ಟೋಪಿಗಳು ಕೆಡುವುದು ಮೊದಲ ಸಾಲಿನಲ್ಲಿ. ಸ್ಟಿಚ್ ಹಾಕಿಕೊಳ್ಳುವಾಗ ಕೈ ಬಿಗಿಯಾದರೆ, ಮೇಲಿನ ರಿಬ್ ಎಷ್ಟೇ ಹಿಗ್ಗಿದರೂ ಅಂಚು ಮಾತ್ರ ದಾರ ಕಟ್ಟಿದಂತೆ ಹಣೆಯನ್ನು ಒತ್ತುತ್ತದೆ. ಮೊದಲ ಸಾಲನ್ನು ಒಂದು ಸೈಜ್ ದಪ್ಪದ ಕಡ್ಡಿಯಲ್ಲಿ ಹಾಕಿಕೊಂಡು ಆಮೇಲೆ 4 ಮಿಲಿಮೀಟರಿಗೆ ಬನ್ನಿ. ಪರೀಕ್ಷೆಗೆ ಹಳೆಯ ಕಾಲುಚೀಲದೊಳಗೆ ಬಟ್ಟೆ ತುರುಕಿ, ಟೇಪಿನಲ್ಲಿ ಅಳೆದು, 28 ವಾರದ ಟೋಪಿಗಾದರೆ ಸರಿಯಾಗಿ 26 ಸೆಂಟಿಮೀಟರ್ ಸುತ್ತಳತೆಯ ಉಂಡೆ ಮಾಡಿಕೊಳ್ಳಿ. ಹೆಣೆದ ಟೋಪಿಯನ್ನು ಅದಕ್ಕೆ ಹಾಕಿ ಸ್ವಲ್ಪ ಹೊತ್ತು ಬಿಟ್ಟು ತೆಗೆಯಿರಿ. ಉಂಡೆಯ ಮೇಲೆ ಗೆರೆ ಮೂಡಿರಬಾರದು, ಅಂಚಿನೊಳಗೆ ಕಿರುಬೆರಳು ಸಲೀಸಾಗಿ ಹೋಗಬೇಕು, ತಲೆಕೆಳಗು ಮಾಡಿದರೆ ಟೋಪಿ ಬೀಳಬಾರದು. ಈ ಉಂಡೆಯೊಂದು ಮನೆಯಲ್ಲಿದ್ದರೆ, ಕಾಣದ ಮಗುವಿನ ತಲೆ ನಿಜಕ್ಕೂ ಎಷ್ಟು ಚಿಕ್ಕದೆಂದು ಕೈಗೇ ಗೊತ್ತಾಗುತ್ತದೆ.

ನೂಲಿನ ಬಗ್ಗೆ ಆಸ್ಪತ್ರೆಯವರ ಮಾತೇ ಕೊನೆಯ ಮಾತು, ಏಕೆಂದರೆ ಒಗೆಯುವವರು ಅವರು. ಹತ್ತಿ ನೂಲು ಬಿಸಿ ನೀರಿನ ಒಗೆತ ತಡೆಯುತ್ತದೆ, ಆದರೆ ಹಿಗ್ಗಿದ್ದು ಹಾಗೆಯೇ ಉಳಿಯುತ್ತದೆ. ಸಾದಾ ಉಣ್ಣೆ ಬೆಚ್ಚಗಿದ್ದರೂ ಬಿಸಿ ನೀರಿಗೆ ಬಿದ್ದರೆ ಕುಗ್ಗಿ ಗಟ್ಟಿಯಾಗುತ್ತದೆ. ಮಷೀನ್‌ನಲ್ಲಿ ಒಗೆಯಬಹುದಾದ ಸೂಪರ್‌ವಾಶ್ ಮೆರಿನೋ ಆದರೆ ಸರಿ. ಮಕ್ಕಳಿಗೆಂದೇ ಬರುವ ಮೆತ್ತನೆಯ ಆಕ್ರಿಲಿಕ್, ಹತ್ತಿ-ಆಕ್ರಿಲಿಕ್ ಬೆರಕೆ ಹೆಚ್ಚಿನ ಕಡೆ ನಡೆಯುತ್ತದೆ. ಅಂಗೋರಾ (ಮೊಲದ ಕೂದಲಿನ ನೂಲು), ಮೊಹೇರ್ (ಮೇಕೆಯ ಕೂದಲಿನದು) ಮಾತ್ರ ಮುಟ್ಟಲೇಬೇಡಿ. ಅವುಗಳ ಎಳೆ ಉದುರಿ ಮಗುವಿನ ಮೂಗಿಗೋ ಉಸಿರಾಟದ ನಳಿಕೆಗೋ ಹೋಗಬಹುದು. ಗುಂಡಿ, ಮಣಿ, ಪಾಮ್‌ಪಾಮ್, ಗಲ್ಲದ ಕೆಳಗೆ ಕಟ್ಟುವ ದಾರ, ಯಾವುದೂ ಬೇಡ. ತೂತುತೂತಾದ ಲೇಸ್ ವಿನ್ಯಾಸ ನೋಡಲು ಚೆಂದ, ಆದರೆ ಬಿಸಿ ನಿಲ್ಲುವುದಿಲ್ಲ. ಅಲಂಕಾರ ಬೇಕೆನಿಸಿದರೆ ಬಣ್ಣದ ಪಟ್ಟಿ ಹಾಕಿ.

ಎಲ್ಲ ಮಗುವಿಗೂ ಎಲ್ಲ ಹೊತ್ತಿಗೂ ನಮ್ಮ ಟೋಪಿ ಬೇಕಾಗುವುದಿಲ್ಲ ಎನ್ನುವುದೂ ತಿಳಿದಿರಲಿ. 32 ವಾರಕ್ಕಿಂತ ಮೊದಲು ಹುಟ್ಟಿದ ಮಗುವನ್ನು ಹುಟ್ಟಿದ ಕ್ಷಣದಲ್ಲಿ ಪ್ಲಾಸ್ಟಿಕ್ ಹೊದಿಕೆಯಲ್ಲಿ ಸುತ್ತುವುದುಂಟು, ನೂಲಿನ ಟೋಪಿಯ ಸರದಿ ಬರುವುದು ಆಮೇಲೆ. ಉಸಿರಾಟಕ್ಕೆ ಸಿಪ್ಯಾಪ್ (ಮೂಗಿನ ಮೂಲಕ ಒತ್ತಡದಲ್ಲಿ ಗಾಳಿ ಕೊಡುವ ಸಾಧನ) ಹಾಕಿದಾಗ ನಳಿಕೆ ಹಿಡಿದುಕೊಳ್ಳುವ ಬೇರೆಯೇ ಟೋಪಿ ಇರುತ್ತದೆ. ಅದಕ್ಕೇ ಎನ್‌ಐಸಿಯು (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ನರ್ಸ್ ಒಬ್ಬರನ್ನು ಮೊದಲೇ ಕೇಳಿ: ಈಗ ಯಾವ ಅಳತೆ ಕಡಿಮೆ ಇದೆ, ಯಾವ ನೂಲು ಒಪ್ಪುತ್ತೀರಿ? ಕೂಸು ಹುಟ್ಟುವ ಮುಂಚೆ ಕುಲಾವಿ ಎಂದು ಆಡಿಕೊಳ್ಳುವುದುಂಟು, ಇಲ್ಲಿ ಮಾತ್ರ ಕುಲಾವಿ ಮುಂಚೆಯೇ ತಯಾರಿರಬೇಕು, ಅದೂ ಎಲ್ಲ ಅಳತೆಗಳಲ್ಲಿ. 40 ಸ್ಟಿಚ್‌ನ ಟೋಪಿಯನ್ನು ಯಾರೂ ಕೇಳಲಾರರು ಎಂದುಕೊಂಡು ಬಿಡಬೇಡಿ. ಉಳಿಯದ ಮಕ್ಕಳಿಗೂ ಟೋಪಿ ಬೇಕು. ಆ ಅಪ್ಪ ಅಮ್ಮನ ಬಳಿ ಮಗುವಿನದೆಂದು ಉಳಿಯುವ ವಸ್ತುಗಳು ಬಹಳ ಕಡಿಮೆ. ಅವರ ಮಗುವಿಗೆ ಅಳತೆ ಸರಿಯಾಗಿದ್ದ ಟೋಪಿ ಅವುಗಳಲ್ಲೊಂದಾಗಬಹುದು.

ಕೊಡುವ ಮೊದಲು ಸುವಾಸನೆಯಿಲ್ಲದ ಸೋಪಿನಲ್ಲಿ ಒಗೆದು, ಫ್ಯಾಬ್ರಿಕ್ ಕಂಡೀಷನರ್ ಹಾಕದೆ ಪೂರ್ತಿ ಒಣಗಿಸಿ. ಸಿಗರೇಟು ಹೊಗೆ, ಸಾಕುಪ್ರಾಣಿಗಳ ಕೂದಲು ತಾಗದಂತೆ ಮುಚ್ಚಿದ ಕವರಿನಲ್ಲಿಡಿ. ಒಂದೊಂದು ಅಳತೆಗೆ ಒಂದೊಂದು ಕವರ್, ಮೇಲೆ ಚೀಟಿ: ಯಾವ ನೂಲು, ಎಷ್ಟು ಸೆಂಟಿಮೀಟರ್ ತಲೆಗೆ ಆಗುತ್ತದೆ.

ಪರಿಚಯದವರ ಮನೆಯ ಮಗುವಿಗೂ ಹೆಣೆದು ಕೊಡುತ್ತೀರಾದರೆ ಒಂದು ಮಾತು ಸೇರಿಸಿ ಕೊಡಿ. ಹುಟ್ಟಿದ ಮೊದಲ ಕೆಲವು ಗಂಟೆ ಮತ್ತು ಎನ್‌ಐಸಿಯು ಬಿಟ್ಟರೆ ಮನೆಯೊಳಗೆ ಮಗುವಿಗೆ ಟೋಪಿ ಹಾಕಬಾರದೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2022ರ ಸುರಕ್ಷಿತ ನಿದ್ರೆಯ ಸಲಹೆಯಲ್ಲಿ ಹೇಳಿದೆ. ಮೈ ಅತಿಯಾಗಿ ಬಿಸಿಯಾಗುವ ಅಪಾಯವೇ ಇದಕ್ಕೆ ಕಾರಣ. ಬೇಗ ಹುಟ್ಟಿ ಈಗಷ್ಟೇ ಮನೆಗೆ ಬಂದ ಮಗುವಾದರೆ ಟೋಪಿಯನ್ನು ಎಷ್ಟು ದಿನ, ಯಾವಾಗ ಹಾಕಬೇಕೆಂದು ಅದರ ವೈದ್ಯರನ್ನೇ ಕೇಳಲಿ.